ಸಂಬಂಧದ ಕಾಲಂ

"ಈ ಹುಡುಗಿ ನಿಮ್ಮ ಮಗಳೇನ್ರಿ, ಮಾಳಿಂಗಪ್ಪ?" ಲೆಕ್ಕದ ಶಾಖೆಯ ನಿಶಾತ ಮೇಡಂ ರಸೀದಿಯಿಂದ ಕಣ್ಣೆತ್ತದೆ ಕೇಳಿದರು.

"ಹೌದ್ರಿ. ವಿಜಯಶ್ರೀ ಅಂತ. ಬಿ.ಎಸ್ಸಿ. ಎರಡನೇ ವರ್ಷ," ಎಂದು ಮಾಳಿಂಗ ಎದೆಯುಬ್ಬಿಸಿಯೇ ಹೇಳಿದ. ಪಕ್ಕದಲ್ಲಿ ನಿಂತಿದ್ದ ವಿಜಯಶ್ರೀ ಮೆಲ್ಲಗೆ ನಕ್ಕಳು. ಫೀಸಿನ ಅಸಲು ರಸೀದಿ ತೋರಿಸಬೇಕು ಎಂದು ಬಸ್ ಡಿಪೋದ ಲೆಕ್ಕದ ಶಾಖೆಯವರು ಹೇಳಿಕಳಿಸಿದ್ದರಿಂದ ಅದನ್ನು ಕೊಡಲು ಆಕೆ ಕಾಲೇಜು ಬಿಟ್ಟವಳೇ ನೇರ ಇಲ್ಲಿಗೆ ಬಂದಿದ್ದಳು.

"ಹಂಗಾದ್ರ ಇದ್ರಾಗ ತಂದಿ ಹೆಸರು ಹಣಮಂತ್ರಾಯ ಅಂತ ಯಾಕದ?"

ಇಪ್ಪತ್ತಾರು ವರ್ಷ ಜೇವರ್ಗಿ-ಅಫಜಲಪುರ ದಾರಿಯಲ್ಲಿ ಬಸ್ಸು ಓಡಿಸಿದವನು, ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದರೂ ಕೈ ನಡುಗಿಸದವನು, ಮಾಳಿಂಗ ಒಂದು ಚೂರು ಕಾಗದದ ಮುಂದೆ ಬೆವೆತ. ಹಿಂದೆ ಸರದಿಯಲ್ಲಿದ್ದ ಇಬ್ಬರು ಕಂಡಕ್ಟರುಗಳು ಮಾತು ನಿಲ್ಲಿಸಿದರು.

"ಹಣಮಂತ್ರಾಯ ನಮ್ಮಣ್ಣರಿ," ಎಂದ. "ಸತ್ತು ಹದಿನೇಳು ವರ್ಷ ಆತು. ಈಕಿ ಆಗ ಎರಡು ವರ್ಷದಾಕಿ."

"ಅಂದ್ರ ಅಣ್ಣನ ಮಗಳು."

"ನಮ್ಮ ಮನ್ಯಾಗ ಹಂಗ ಅನ್ನಂಗಿಲ್ರಿ."

ಅದು ನಿಜವೇ ಆಗಿತ್ತು. ಎಷ್ಟು ಮಕ್ಕಳು ಎಂದು ಯಾರು ಕೇಳಿದರೂ ಮಾಳಿಂಗ ಎರಡು ಎನ್ನುತ್ತಿದ್ದ: ಮಗ ಕಲ್ಯಾಣಕುಮಾರ, ಮಗಳು ವಿಜಯಶ್ರೀ. ಅವನ ಊರು ಇಜೇರಿಯ ಹಿರಿಯರೊಬ್ಬರು ಹಿಂದೊಮ್ಮೆ ದತ್ತಕ ಪತ್ರ ಮಾಡಿಸಿಬಿಡು ಎಂದಾಗ ಅವರನ್ನೇ ದಬಾಯಿಸಿದ್ದ. ಹೊರಗಿನಿಂದ ತಂದ ಕೂಸಿಗೆ ದತ್ತಕ ಬೇಕು, ಮನೆಯ ಕೂಸಿಗೆ ಎಂಥದು? ಶಾಲೆಗೆ ಸೇರಿಸುವಾಗ ಮಾತ್ರ, ಅಣ್ಣನ ಹೆಸರು ಅಳಿಯಬಾರದು ಎಂದು ತಂದೆಯ ಜಾಗದಲ್ಲಿ ಹಣಮಂತ್ರಾಯ ಎಂದೇ ಬರೆಸಿದ್ದ. ಅಣ್ಣನಿಗೆ ಅಷ್ಟಾದರೂ ಸಲ್ಲಲಿ ಎಂಬುದು ಅವನ ಲೆಕ್ಕ.

ತೆರಿಗೆಯ ಲೆಕ್ಕ ಬೇರೆಯೇ ಇತ್ತು. ನೌಕರನ ಎರಡು ಮಕ್ಕಳ ಕಾಲೇಜು ಫೀಸಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಉಂಟು ಎಂದು ಗೊತ್ತಾದಾಗ ಅವನು ಫಾರಂನ 'ಸಂಬಂಧ' ಎಂಬ ಕಾಲಂನಲ್ಲಿ ಎರಡನೆಯ ಯೋಚನೆಯಿಲ್ಲದೆ 'ಮಗಳು' ಎಂದು ತುಂಬಿಸಿದ್ದ. ಈಗ ಮೇಲಿನವರು ಒಂದೊಂದೇ ರಸೀದಿ ತಿರುವಿ ನೋಡತೊಡಗಿದ್ದರು.

"ಹೊಟ್ಟಿಲೇ ಹುಟ್ಟಿರಬೇಕು, ಇಲ್ಲಾಂದ್ರ ಕಾಯ್ದೇಶೀರ ದತ್ತಕ ತಗೊಂಡಿರಬೇಕು," ಎಂದರು ಮೇಡಂ. ದನಿ ತಗ್ಗಿಸಿದರು. "ಸಾಕಿದ್ದು ನಡಿಯಂಗಿಲ್ರಿ. ನಿಮ್ಮ ಮಗಂದು ಪಾಸ್ ಆಗ್ಯದ. ಈಕಿದು ಬರಂಗಿಲ್ಲ."

ಮಗನದು ಪಾಸಾಗಿತ್ತಂತೆ. ಕಲ್ಯಾಣಕುಮಾರ ಕಾಲೇಜಿನ ಯಾವ ಪರೀಕ್ಷೆಯಲ್ಲೂ ಪಾಸಾದವನಲ್ಲ, ರಸೀದಿಯಲ್ಲಾದರೂ ಆದ. ಮಾಳಿಂಗನಿಗೆ ನಗು ಬರಲಿಲ್ಲ. ಹೋದ ವರ್ಷ ವಿಜಯಶ್ರೀಯ ಹೆಸರಿನಲ್ಲಿ ಉಳಿದ ತೆರಿಗೆಯಿಂದ ಅದೇ ಕಲ್ಯಾಣಕುಮಾರನಿಗೆ ಮೊಬೈಲು ಕೊಡಿಸಿದ್ದು ನೆನಪಾಯಿತು. ಆಗ ಅದು ತಪ್ಪೆಂದು ತೋರಿರಲಿಲ್ಲ. ಈಗ ನೆಲ ಬಾಯಿಬಿಟ್ಟರೆ ಇಳಿದುಬಿಡಬೇಕು ಎನ್ನಿಸುವಷ್ಟು ನಾಚಿಕೆಯಾಯಿತು.

"ಒಂದು ಪತ್ರ ಬರದು ಕೊಡ್ರಿ," ಎಂದರು ಮೇಡಂ. "ಉಳಿಸಿದ ತೆರಿಗಿ ಪಗಾರದಾಗ ಮುರಕೋತೀವಿ, ಇಲ್ಲಿಗೇ ಮುಗೀತದ. ಇಲ್ಲಾಂದ್ರ ಕಾಗದ ಕಲಬುರಗಿ ಹೆಡ್ ಆಫೀಸಿಗೆ ಹೋಗ್ತದ. ಸುಳ್ಳು ಬರದು ಕೊಟ್ರು ಅಂತ ಚಾರ್ಜ್ ಹಾಕಿದ್ರ, ರಿಟೈರ್ ಆಗಾಕ ಒಂದೇ ವರ್ಷ ಉಳದದ ನಿಮಗ."

"ಏನಂತ ಬರೀಬೇಕ್ರಿ?"

"ಈಕಿ ನನ್ನ ಮಗಳಲ್ಲ ಅಂತ."

ಮೇಡಂ ಇದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಬಿಳಿ ಹಾಳೆಯೊಂದನ್ನು ಮೇಜಿನ ಮೇಲಿಟ್ಟು, ಮುಖ ತಿರುಗಿಸಿ ಕಂಪ್ಯೂಟರ್ ನೋಡತೊಡಗಿದರು.

"ನೀ ಹೊರಗ ನಡಿ ಬೇ, ವಿಜಿ," ಎಂದ ಮಾಳಿಂಗ. "ಕ್ಯಾಂಟೀನದಾಗ ಚಾ ಕುಡಿ. ನಾ ಬರ್ತೇನಿ."

ವಿಜಯಶ್ರೀ ಕದಲಲಿಲ್ಲ. "ನೀ ಬರದದ್ದು ಮೇಡಂ ಅವ್ರಿಗೆ ಓದಾಕ ಬರಂಗಿಲ್ಲ, ಕಾಕಾ. ಇಲ್ಲಿ ಕೊಡು."

ಅವನ ಅಕ್ಷರ ಕೋಳಿ ಕೆದರಿದ ಹಾಗೆ. ಆಕೆ ಎಂಟನೆಯ ಈಯತ್ತೆಯಲ್ಲಿದ್ದಾಗಿನಿಂದ ಅವನ ರಜಾ ಅರ್ಜಿಗಳನ್ನೆಲ್ಲ ಬರೆಯುತ್ತಿದ್ದವಳು ಆಕೆಯೇ. ಜ್ವರ ಎಂದು ಬರೆಯುವಾಗ, "ಖರೇನ ಜ್ವರ ಬಂದದೇನು?" ಎಂದು ಕಾಡುತ್ತಿದ್ದಳು. ಇವತ್ತು ಏನೂ ಕೇಳದೆ ಕುರ್ಚಿ ಎಳೆದುಕೊಂಡು ಕೂತಳು. ಬೇಡ ಎನ್ನದೆ ನಿಂತುಕೊಂಡಿದ್ದಕ್ಕೆ ಮಾಳಿಂಗನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

'ಮಾನ್ಯರೇ' ಎಂಬಲ್ಲಿಂದ ಹಿಡಿದು ದುಂಡಗಿನ ಅಕ್ಷರಗಳು ಸಾಲುಗಟ್ಟಿದವು. ಸದರಿ ವಿಜಯಶ್ರೀ ನನ್ನ ಮಗಳಲ್ಲ. ದಿವಂಗತ ಅಣ್ಣನ ಮಗಳು. ಅಲ್ಲಿಗೆ ಬಂದು ಪೆನ್ನು ನಿಂತಿತು.

"ಮಗಳಂತ ತಿಳದು ಬರದೀನಿ ಅಂತ ಹಾಕಲ್ಯಾ, ತಪ್ಪಿ ಬರದೀನಿ ಅಂತ ಹಾಕಲ್ಯಾ, ಕಾಕಾ?"

ಆಕೆ ಚುಚ್ಚಲು ಕೇಳಿದ್ದಲ್ಲ. ಅರ್ಜಿ ಸರಿಯಾಗಿರಲಿ ಎಂದೇ ಕೇಳಿದ್ದು. ಮಾಳಿಂಗ ಗೋಡೆ ನೋಡಿದ, ಕಂಡಕ್ಟರುಗಳನ್ನು ನೋಡಿದ. ಆಕೆಯ ಮುಖ ನೋಡಲು ಮಾತ್ರ ಆಗಲಿಲ್ಲ.

"ತಪ್ಪಿ ಅಂದ್ರ ಸಾಕವ್ವ," ಎಂದರು ನಿಶಾತ ಮೇಡಂ, ಕಂಪ್ಯೂಟರಿನಿಂದ ಮುಖ ತಿರುಗಿಸದೆಯೇ.

ವಿಜಯಶ್ರೀ ಬರೆದು ಮುಗಿಸಿ ಎದ್ದಳು.

"ವಿಜಿ," ಎಂದ ಮಾಳಿಂಗ. "ಇದು ಬರೇ ಕಾಗದ ಬೇ."

"ಗೊತ್ತದ. ಸಹಿ ಮಾಡು. ಬಸ್ಸಿಗೆ ಹೊತ್ತಾಗ್ತದ."

ಅವನು ಬಗ್ಗಿದ. ಗಾಳಿಗೆ ಹಾಳೆ ಏಳದಿರಲಿ ಎಂಬ ಹಾಗೆ ಆಕೆ ಅದರ ಮೇಲೆ ಎಡಗೈ ಊರಿ ನಿಂತಿದ್ದಳು. ಬರೆದ ಸಾಲುಗಳೆಲ್ಲ ಆ ಅಂಗೈಯ ಕೆಳಗಿದ್ದವು. ಅವನ ಕಣ್ಣಿಗೆ ಬಿದ್ದದ್ದು ಸಹಿಗೆ ಬಿಟ್ಟ ಜಾಗವೊಂದೇ.