ಅವನ ಮಾತು, ನನ್ನ ಬಾಯಿ

ಫಟ್ ಅಂತ ಬಲೂನೊಂದು ಒಡೆಯಿತು, ಮುಂದಿನ ಸಾಲಿನಲ್ಲಿದ್ದ ಪ್ರಿನ್ಸಿಪಾಲರು ಎದೆ ಹಿಡಿದುಕೊಂಡರು, ಹುಡುಗಿಯರು ಕಿಟಾರನೆ ಕಿರುಚಿ ಆಮೇಲೆ ನಕ್ಕರು, ಅವನೊಬ್ಬ ಬೆಚ್ಚಲಿಲ್ಲ, ವೇದಿಕೆಯ ಮೆಟ್ಟಿಲ ಪಕ್ಕ ನಿಂತು ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದಾನೆ, ಮೊಣಕೈವರೆಗೆ, ಮಡಿಕೆ ಕೆಡದಂತೆ — ಭಾಷಣ ಮಾಡುವವರು ಗಂಟಲು ಸರಿಮಾಡಿಕೊಳ್ಳುವ ಹಾಗೆ ಇವನು ತೋಳು ಮಡಚುತ್ತಾನೆ, ಕೈಯಲ್ಲೇ ಮಾತಾಡುವವನಲ್ಲವೇ, ತೋಳಿನ ಈ ಗುಟ್ಟು ಬೀಳ್ಕೊಡುಗೆಗೆ ತುಂಬಿದ ಈ ಹಾಲ್‌ನಲ್ಲಿ ಯಾರಿಗೂ ಗೊತ್ತಿಲ್ಲ, ನನಗೊಬ್ಬಳಿಗೆ ಗೊತ್ತು, ಗೊತ್ತು ಅನ್ನುವುದೇ ಒಂದು ಸುಖ, ಮೈಕು ಹಿಡಿದ ಅಂಗೈ ಬೆವೆತಿದೆ, ಹೊಸ ಬಟ್ಟೆ ಕಂಕುಳಲ್ಲಿ ಕಚ್ಚುತ್ತಿದೆ, ಬೆಳಿಗ್ಗೆ ಅಮ್ಮ ಇದಕ್ಕೆ ಇಸ್ತ್ರಿ ಹಾಕುತ್ತಾ ಹಾಕುತ್ತಾ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಕೈಯಲ್ಲಿ ಕೇಳಿದಳು, ಇವತ್ತು ಹೇಳ್ತಾನಾ, ನಾನು ಏನನ್ನ ಅಂದೆ, ಏನೂ ಗೊತ್ತಿಲ್ಲದವಳ ಹಾಗೆ, ಅಮ್ಮ ನಕ್ಕಳು, ಅಮ್ಮನಿಗೂ ಕಿವಿ ಕೇಳುವುದಿಲ್ಲ, ಆದರೆ ಕಣ್ಣಿಗೆ ಒಂದೂ ತಪ್ಪುವುದಿಲ್ಲ. ಅವನೇ ತಾನೇ ನಿನ್ನೆ ಗೇಟಿನ ಹತ್ತಿರ ನಿಲ್ಲಿಸಿ ಅಂದದ್ದು, ನಾಳೆ ಎಲ್ಲರ ಮುಂದೆ ಒಂದು ಮಾತು ಹೇಳೋದಿದೆ, ನೀನೇ ಪಕ್ಕದಲ್ಲಿರಬೇಕು, ಕೈ ಬಿಡಬೇಡ — ಬಿಡ್ತೀನಾ, ರಾತ್ರಿಯೆಲ್ಲ ಆ ಮಾತನ್ನು ದಿಂಬಿನ ಹಾಗೆ ತಬ್ಬಿಕೊಂಡಿದ್ದವಳು ನಾನು.

ಈಗ ನಮ್ಮ ಉದ್ದಣ್ಣ ಎರಡು ಮಾತಾಡ್ತಾರೆ, ಜೊತೆಗೆ ನಮ್ಮ ಸ್ಪೀಕರ್ ಮೇಡಂ, ಇವಳಿಲ್ಲದೆ ಅವನಿಲ್ಲ, ಜೋರಾಗಿ ಚಪ್ಪಾಳೆ, ನಿರೂಪಕ ಅರಚುತ್ತಿದ್ದಾನೆ, ಇವಳಿಲ್ಲದೆ ಅವನಿಲ್ಲ, ಲೋಕವೇ ಒಪ್ಪಿಕೊಂಡ ಮೇಲೆ ಇನ್ನೇನು, ಮೊದಲ ವರ್ಷ ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿ ಪಾಠ ಮಾಡುತ್ತಿದ್ದರು, ತುಟಿ ಕಾಣದೆ ಅವನು ಅತ್ತಿತ್ತ ಕತ್ತು ಹೊರಳಿಸುತ್ತಿದ್ದ, ಪಕ್ಕದ ಸಾಲಿನಲ್ಲಿದ್ದ ನನ್ನ ಕೈಗಳು ತಾವಾಗಿ ಎದ್ದವು, ಅಂಗಡಿಯಲ್ಲಿ, ಬಸ್ಸಿನಲ್ಲಿ, ಮನೆ ಬಾಗಿಲಲ್ಲಿ ಅಮ್ಮನಿಗೆ ಹೇಳುವ ಹಾಗೆ, ಅವನು ಕುರ್ಚಿಯನ್ನೇ ನನ್ನ ಕಡೆ ತಿರುಗಿಸಿ ಕೂತುಬಿಟ್ಟ, ಅಂದಿನಿಂದ ಮೂರು ವರ್ಷ ಅವನು ನನ್ನನ್ನೇ ನೋಡಿದ, ಮಳೆಬಿಲ್ಲು ನೋಡಿದ ಹಾಗೆ ಕಣ್ಣು ಮಿಟುಕಿಸದೆ — ನನ್ನನ್ನೋ, ಪಾಠವನ್ನೋ, ನಾನು ಕೇಳಿಕೊಳ್ಳಲಿಲ್ಲ, ಕೇಳಿಕೊಳ್ಳುವುದು ಯಾಕೆ ಬೇಕಿತ್ತು, ಅವನು ಮನೆಗೆ ಬಂದರೆ ಅಮ್ಮನೂ ಅವನೂ ಗಾಳಿಗೆ ಸಿಕ್ಕ ಎಲೆಗಳ ಹಾಗೆ ಕೈಯಾಡಿಸುತ್ತಾ ನನ್ನನ್ನೇ ಆಡಿಕೊಂಡು ನಗುತ್ತಿದ್ದರು, ಇವಳು ನಿದ್ದೆಯಲ್ಲೂ ಮಾತಾಡ್ತಾಳೆ ಅಂತ ಅಮ್ಮ, ನಿಮಗೆ ಹೇಗೆ ಗೊತ್ತು ನಿಮಗೆ ಕೇಳಿಸಲ್ವಲ್ಲ ಅಂತ ಅವನು, ಕಿವಿ ಬೇಕಾ, ಬೆರಳಾಡ್ತಿರುತ್ತೆ ಅಂತ ಅಮ್ಮ.

ಅವನು ಮೆಟ್ಟಿಲು ಹತ್ತಿ ಬಂದ, ನನ್ನತ್ತ ನೋಡಿ ಹುಬ್ಬು ಹಾರಿಸಿದ, ಶುರು ಮಾಡೋಣ್ವಾ, ನಾನು ಹೂಂ ಅಂದೆ, ಅವನ ಕೈ ಎದ್ದಿತು, ನನ್ನ ಬಾಯಿ ತೆರೆಯಿತು, ಮೂರು ವರ್ಷ ಪ್ರಿನ್ಸಿಪಾಲರ ಭಾಷಣ ಒಂದೂ ಕೇಳಿಸಿಕೊಳ್ಳದೆ ಪಾರಾದವನು ನಾನೊಬ್ಬನೇ, ಹಾಲ್ ಬಿದ್ದೂ ಬಿದ್ದೂ ನಕ್ಕಿತು, ಪ್ರಿನ್ಸಿಪಾಲರೂ ನಕ್ಕರು, ಅವನು ನಗು ಆರುವವರೆಗೆ ಕಾದ, ಆಮೇಲೆ ನಿಧಾನವಾಗಿ, ಈ ಕಾಲೇಜಲ್ಲಿ ನನಗೊಬ್ಬಳು ಸಿಕ್ಕಳು — ಸಿಕ್ಕಳು, ಅಂದೆ ನಾನು, ದನಿ ಎಲ್ಲಿ ನಡುಗೀತೋ ಅಂತ ಹೆದರಿ ಮೈಕನ್ನು ಸ್ವಲ್ಪ ದೂರ ಹಿಡಿದೆ, ಗೆಳತಿಯರು ಒಬ್ಬರನ್ನೊಬ್ಬರು ಗಿಲ್ಲುತ್ತಿದ್ದಾರೆ, ನನ್ನ ಕಡೆ ನೋಡಿ ಕಣ್ಣು ಹೊಡೆಯುತ್ತಿದ್ದಾರೆ, ಸುಮ್ನಿರ್ರೇ — ಅವಳ ಮುಂದೆ ನಿಂತರೆ ನನ್ನ ಕೈ ತೊದಲುತ್ತೆ, ಅಂದ ಅವನು, ತೊದಲುತ್ತೆ ಅಂದೆ ನಾನು, ಅಂದ ಮೇಲೆ ಹೊಳೆಯಿತು, ನನ್ನ ಮುಂದೆ ಅವನ ಕೈ ಯಾವತ್ತು ತೊದಲಿದೆ, ನನ್ನ ಹತ್ತಿರ ನೀರು ಹರಿದ ಹಾಗೆ ಹರಿಯುತ್ತದಲ್ಲ, ಬೈಯುತ್ತಾನೆ, ಗೊಣಗುತ್ತಾನೆ, ಹಸಿವು ಅನ್ನುತ್ತಾನೆ, ಅಯ್ಯೋ, ಅವನ ಕಣ್ಣು ನನ್ನ ಭುಜ ದಾಟಿ ಹೋಗಿದೆ, ಮೂರನೇ ಸಾಲು, ಗೋಡೆ ಪಕ್ಕ, ಕನ್ನಡಕದವಳು. ವೇದಿಕೆಯ ಹಿಂದಿನ ಪರದೆಗೆ ಹಾರುವ ಹಕ್ಕಿಗಳನ್ನು ಬರೆದವಳು, ಯಾರ ಜೊತೆಗೂ ಹೆಚ್ಚು ಮಾತಿಲ್ಲದವಳು, ಹೋದ ವರ್ಷ ಒಂದು ದಿನ ನನ್ನ ಹತ್ತಿರ ಬಂದು ಚೆನ್ನಾಗಿದ್ದೀಯಾ ಅಂತ ಕೈಯಲ್ಲಿ ಕೇಳೋದು ಹೇಗೆ, ಸ್ವಲ್ಪ ಹೇಳಿಕೊಡೇ ಅಂದವಳು, ನಾನೇ ಹೇಳಿಕೊಟ್ಟೆ, ನಗುನಗುತ್ತಾ ಎರಡೆರಡು ಸಲ ಹೇಳಿಕೊಟ್ಟೆ.

ಅವನ ಕೈಗಳು ಮುಂದೆ ಹೋಗಿಬಿಟ್ಟಿವೆ, ಹೇಳಬೇಕಾದದ್ದನ್ನು ಹೇಳಿ ಗಾಳಿಯಲ್ಲಿ ನಿಂತಿವೆ, ನನಗಾಗಿ ಕಾಯುತ್ತಿವೆ, ಹಾಲ್ ಕಾಯುತ್ತಿದೆ, ಏನೇ ಸ್ಪೀಕರ್ ಕೆಟ್ಟುಹೋಯ್ತಾ, ಹಿಂದಿನಿಂದ ಯಾರೋ, ನಗು, ಬೇರೆ ಏನಾದರೂ ಹೇಳಿಬಿಡಲೇ, ಅವಳು ಅಂದರೆ ಈ ಕಾಲೇಜು ಅಂತ ಹೇಳಿಬಿಡಲೇ, ಚಪ್ಪಾಳೆ ಬೀಳುತ್ತದೆ, ಎಲ್ಲರೂ ಊಟಕ್ಕೆ ಏಳುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ — ನಾನು ಚಿಕ್ಕವಳಿದ್ದಾಗಿನ ಆಸ್ಪತ್ರೆಯ ಆ ಬಿಳಿ ಬಾಗಿಲು, ಡಾಕ್ಟರು ನನ್ನ ಎತ್ತರಕ್ಕೆ ಬಗ್ಗಿ, ದೊಡ್ಡವರು ಯಾರೂ ಬಂದಿಲ್ವಾ ಪುಟ್ಟಿ, ಅಮ್ಮ ಇದ್ದಾಳೆ, ಕಿವಿ ಕೇಳಲ್ಲ, ನನಗೇ ಹೇಳಿ, ನಾನೇ ಅಮ್ಮನಿಗೆ ಹೇಳೋದು, ಅವರು ಹೇಳಿದರು, ಅಪ್ಪ ಉಳಿಯಲ್ಲಮ್ಮ, ನಾನು ತಿರುಗಿ ಅಮ್ಮನ ಮುಖ ನೋಡಿ ಈ ಎರಡು ಕೈಯಿಂದ ಅದನ್ನೇ ಹೇಳಿದೆ, ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ, ಎಲ್ಲ ಮುಗಿದ ಮೇಲೆ ಎಷ್ಟೋ ದಿನಕ್ಕೆ ಅಮ್ಮ ನನ್ನ ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡಿದ್ದಳು, ಸರಿಯಾಗಿ ಹೇಳಿದೆ ಮಗಳೇ, ನಿನ್ನನ್ನು ನಂಬಬಹುದು. ನಂಬಬಹುದು. ಅವನೂ ನಂಬಿಯೇ ನಿಲ್ಲಿಸಿದ್ದಾನೆ, ನನ್ನ ತುಟಿಯನ್ನೇ ನೋಡುತ್ತಿದ್ದಾನೆ, ಹುಬ್ಬು ಗಂಟಾಗಿದೆ, ಹುಷಾರಿದ್ದೀಯಾ ಅಂತ ಸೊಂಟದ ಹತ್ತಿರ ಬೆರಳಾಡಿಸಿ ಕೇಳುತ್ತಿದ್ದಾನೆ, ಹುಷಾರಿದ್ದೀನಿ ಕಣೋ, ಮೈಕು ಹತ್ತಿರ ತಂದೆ, ಹೇಳಿದೆ, ನಾನು ಅವಳನ್ನ ಪ್ರೀತಿಸ್ತೀನಿ, ಅವಳು ಒಪ್ಪಿದರೆ ಬದುಕೆಲ್ಲ ಅವಳ ಜೊತೆ ಇರ್ತೀನಿ.

ನನ್ನ ಹೆಣ್ಣುದನಿಯಲ್ಲಿ ಆ ಮಾತು ಕೇಳಿ ಮೊದಲು ಒಂದಷ್ಟು ಜನ ನಕ್ಕರು, ಆಮೇಲೆ ಅವನ ಕಣ್ಣು ಹೋದ ಕಡೆಗೆ ಎಲ್ಲರ ತಲೆ ತಿರುಗಿತು, ಸಿಳ್ಳೆ, ಹೋ ಅಂತ ಕೂಗು, ಗೆಳತಿಯರು ಮಾತ್ರ ನನ್ನ ಕಡೆ ನೋಡಲಾರದೆ ಕಾಲುಂಗುಷ್ಠ ನೋಡುತ್ತಿದ್ದಾರೆ, ನೋಡಬೇಡಿ, ಅದೇ ಒಳ್ಳೆಯದು, ಕನ್ನಡಕದವಳು ಎದ್ದಳು, ಕುರ್ಚಿ ಹಿಂದಕ್ಕೆ ಕಿರ್ ಅಂತು, ಬಾಯಿ ತೆರೆಯಲಿಲ್ಲ, ಕೈ ಎತ್ತಿದಳು, ನನ್ನ ಕಡೆ ನೋಡಲೂ ಇಲ್ಲ, ನೇರ ಅವನಿಗೇ, ಎರಡು ತೋರುಬೆರಳು ಪಕ್ಕಪಕ್ಕ ತಂದು, ತಡವರಿಸುತ್ತಾ, ಎಲ್ಲಿ ಕಲಿತಳು, ಯಾವಾಗ ಕಲಿತಳು, ಅವನೇ ಕಲಿಸಿದ್ದಾನೆ, ನನಗೆ ಗೊತ್ತಿಲ್ಲದ ಸಂಜೆಗಳಲ್ಲಿ, ಏನಂದ್ಲು, ಏನಂದ್ಲು, ಹೇಳೇ ಸ್ಪೀಕರ್, ಹಾಲ್ ಕೂಗುತ್ತಿದೆ, ಜೊತೆಗಿರ್ತೀನಿ, ಅಂದೆ, ಅದನ್ನೂ ನಾನೇ ಅಂದೆ, ಅವಳ ಪರವಾಗಿ, ಮೈಕಿನಲ್ಲಿ. ಆದರೆ ಅವಳು ತಪ್ಪು ಮಾಡಿದ್ದಾಳೆ, ಜೊತೆ ಅನ್ನುವಾಗ ಉಳಿದ ಬೆರಳೆಲ್ಲ ಮಡಚಿರಬೇಕು, ಅವಳ ಬಲಗೈ ಕಿರುಬೆರಳು ಪೆದ್ದುಪೆದ್ದಾಗಿ ಎದ್ದು ನಿಂತಿದೆ, ಅವನು ವೇದಿಕೆಯಿಂದ ಧುಮುಕಿದ, ಸಾಲುಗಳ ನಡುವೆ ನುಗ್ಗಿದ, ಅವಳ ಕೈ ಹಿಡಿದ, ಆ ಕಿರುಬೆರಳನ್ನು ಮೆಲ್ಲಗೆ, ಎಷ್ಟು ಮೆಲ್ಲಗೆ, ಮಡಚಿ ಕೂರಿಸಿದ — ನನ್ನ ಬೆರಳನ್ನು ಅವನು ಎಂದೂ ಮುಟ್ಟಿ ತಿದ್ದಿಲ್ಲ, ನನಗೆ ತಪ್ಪೇ ಬರುತ್ತಿರಲಿಲ್ಲ, ಹುಟ್ಟಿದಾಗಿನಿಂದ ಬಂದ ಭಾಷೆ, ತಪ್ಪು ಮಾಡಲು ಗೊತ್ತೇ ಇರಲಿಲ್ಲ — ಅವಳ ಕಿರುಬೆರಳು ಮತ್ತೆ ಎದ್ದಿತು, ಅವನು ನಗುತ್ತಾ ಮತ್ತೆ ಮಡಚಿದ, ಎದ್ದಿತು, ಮಡಚಿದ, ಆ ಕಿರುಬೆರಳು, ಅವನ ಮುಷ್ಟಿಯೊಳಗೆ, ಆ ಕಿರುಬೆರಳು