ಗೇರಿನ ಬುಡದಲ್ಲಿ ಸಿಕ್ಕ ಜೇಬು

ಗಾಡಿ ಸದ್ದು ಮಾಡಿದರೆ ಗಾಡಿಯನ್ನು ನೋಡಬೇಕು. ನಮ್ಮ ಮನೆಯವರು ನನ್ನ ಕೈಯನ್ನು ನೋಡಿದರು. ಈಗಲೂ ನೆನೆದರೆ ಮೈ ಉರಿಯುತ್ತದೆ.

ಬೊಮ್ಮನಹಾಳ್ ಕಡೆಯ ನಮ್ಮೂರಿನಿಂದ ರಾಯದುರ್ಗದ ಜೀನ್ಸ್ ಯೂನಿಟ್ಟುಗಳಿಗೆ ಹೊಲಿಗೆಯ ಹೆಂಗಸರನ್ನು ದಿನಾ ಕರೆದೊಯ್ಯುವ ವ್ಯಾನು ನಮ್ಮದು. ನನ್ನ ಗಂಡ ರಾಮಾಂಜಿ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡಿ ಕೊಂಡದ್ದು. ಅವನು ಅಲ್ಲೇ ಇದ್ದುಬಿಟ್ಟ. ಓಡಿಸುತ್ತಿದ್ದವನು ಅವನ ಅಣ್ಣ ಯರ್ರಿಸ್ವಾಮಿ, ನನ್ನ ಭಾವ. ಎದುರಿಗೆ ಅವನಿಗೆ ರೀ ಅನ್ನುತ್ತೇನೆ, ಇಲ್ಲಿ ಅನ್ನುವುದಿಲ್ಲ.

ಹೋದ ವರ್ಷ ಭಾವ ಮಾಳಿಗೆಯ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡ. ವ್ಯಾನು ನಿಂತಿತು, ಹೆಂಗಸರ ಕೂಲಿ ನಿಂತಿತು. ನಾನು ಆಗ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಪ್ಯಾಂಟಿನ ಜೇಬು ಹೊಲಿಯುತ್ತಿದ್ದೆ. ಮಿಷನ್ ಮುಚ್ಚಿಟ್ಟು, ಕಾಲುವೆಯ ದಂಡೆಯ ಮೇಲೆ ವ್ಯಾನು ಕಲಿತು, ಲೈಸನ್ಸ್ ಮಾಡಿಸಿಕೊಂಡೆ. ಅವತ್ತಿನಿಂದ ಒಬ್ಬರ ಹಾಜರಿಯೂ ತಪ್ಪಿಸಿಲ್ಲ. ಬಗ್ಗಿ ಬಗ್ಗಿ ಸೋತಿದ್ದ ನನ್ನ ಬೆನ್ನು ನೆಟ್ಟಗಾಯಿತು, ಉಗುರಿನ ಸಂದಿಯ ನೀಲಿ ಬಣ್ಣ ಹೋಯಿತು. ನನಗೆ ಆ ಸ್ಟೇರಿಂಗು ಇಷ್ಟವಾಗಿತ್ತು. ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ಭಾವನ ಕಾಲು ಕೂಡಿಕೊಂಡಿತು, ಅವನ ಕಿವಿಯೂ ಚುರುಕಾಯಿತು. ಗೇರಿನ ಕೋಲು ಗಡಗಡ ಅನ್ನುತ್ತಿದ್ದದ್ದು ನಿಜ. ಮನೆ ಮುಂದೆ ವ್ಯಾನು ನಿಲ್ಲಿಸಿದರೆ ಸಾಕು, ಕಟ್ಟೆಯ ಮೇಲೆ ಕೂತವರಿಗೆಲ್ಲ ಕೇಳುವ ಹಾಗೆ, ಕ್ಲಚ್ ತುಳಿಯಲು ಬಾರದವರ ಕೈಗೆ ಸಿಕ್ಕರೆ ಗೇರಿನ ಹಲ್ಲು ಉಳಿಯುತ್ತವೆಯೇ ಎಂದು ಶುರು ಮಾಡುತ್ತಿದ್ದ. ಬೆಂಗಳೂರಿಗೂ ಫೋನು ಹೋಯಿತು. ನನ್ನ ಗಂಡ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅಮಾವಾಸ್ಯೆಯ ಪೂಜೆ ಮಾಡಿ ಚಾವಿಯನ್ನು ಅಣ್ಣನಿಗೆ ಕೊಟ್ಟುಬಿಡು, ನೀನು ಮತ್ತೆ ಮಿಷನ್ನಿಗೆ ಕೂತುಕೋ ಎಂದ.

ರಾಯದುರ್ಗದ ಮೆಕ್ಯಾನಿಕ್ ಚಂದ್ರಮೋಹನ್ ಹತ್ತಿರ ಹೋದೆ. ಅವನು ಗಾಡಿಯ ಒಳಗೆ ಕೂರಲೂ ಇಲ್ಲ. ಹೊರಗೆ ನಿಂತೇ, ಲೇಡೀಸ್ ಡ್ರೈವಿಂಗ್ ಅಲ್ಲವಾ ಅಕ್ಕಾ, ಗೇರ್‌ಬಾಕ್ಸೇ ಇಳಿಸಬೇಕು ಎಂದ. ಪಾನಾ ಎತ್ತಿ ಅವನ ಕಾಲ ಮೇಲೆ ಬಿಡಬೇಕು ಅನ್ನಿಸಿತು.

ಹೆಂಗಸರು ಕೆಲಸ ಮುಗಿಸಿ ಬರುವವರೆಗೆ ವ್ಯಾನು ಯೂನಿಟ್ಟಿನ ಹಿಂದಿನ ಬೇವಿನ ಮರದ ಕೆಳಗೆ ನಿಂತಿರುತ್ತದೆ. ಅಲ್ಲಿ ಕೂತು, ಸಿಟ್ಟಿನಲ್ಲೇ, ಆ ಸದ್ದನ್ನು ಕೇಳಿದೆ. ಇಂಜಿನ್ ಓಡುತ್ತಿತ್ತು, ಗೇರು ನ್ಯೂಟ್ರಲ್‌ನಲ್ಲಿತ್ತು, ಕೋಲು ಗಡಗಡ ಅನ್ನುತ್ತಿತ್ತು. ಕ್ಲಚ್ ಪೂರ್ತಿ ತುಳಿದೆ. ಸದ್ದು ಹಾಗೇ ಇತ್ತು. ಕೋಲಿನ ಮೇಲೆ ಅಂಗೈ ಇಟ್ಟು ಒತ್ತಿದೆ. ಸದ್ದು ನಿಂತಿತು. ಕೈ ತೆಗೆದರೆ ಮತ್ತೆ ಶುರು. ಕೊನೆಗೆ ಇಂಜಿನ್ನನ್ನೇ ಆಫ್ ಮಾಡಿ ಕೋಲನ್ನು ಅಲ್ಲಾಡಿಸಿದೆ. ಅದೇ ಸದ್ದು! ಇಂಜಿನ್ನೇ ಓಡದಿರುವಾಗ ಯಾವ ಹಲ್ಲು, ಯಾವ ಗೇರ್‌ಬಾಕ್ಸು? ಸಡಿಲವಾಗಿದ್ದದ್ದು ಕೋಲಿನ ಬುಡ, ಅಷ್ಟೇ.

ಸೀಟಿನ ಕೆಳಗಿನ ಪಾನಾ ತೆಗೆದು, ರಬ್ಬರಿನ ಮುಸುಕು ಎತ್ತಿ, ಬೋಲ್ಟು ಬಿಚ್ಚಿ ಕೋಲನ್ನು ಹೊರಗೆಳೆದೆ. ಕೋಲಿನ ಬುಡದ ಗುಂಡು ಕೂರಲು ಒಂದು ಪ್ಲಾಸ್ಟಿಕ್ ಬಟ್ಟಲು ಇರುತ್ತದೆ, ಅದಕ್ಕೆ ಬುಷ್ ಅನ್ನುತ್ತಾರೆ. ಅದು ಸವೆದು ಚೂರಾಗಿತ್ತು. ಹೊಸದು ಹಾಕುವ ಬದಲು ಯಾರೋ ಬಟ್ಟೆ ಸುತ್ತಿ ತುರುಕಿದ್ದರು. ನಮ್ಮ ಕಡೆ ಜೀನ್ಸ್ ಚಿಂದಿಯಿಂದ ಆಗದ ಕೆಲಸವಿಲ್ಲ. ದಿಂಬಿಗೆ ಅದೇ, ಮಂಚದ ಕಾಲಿಗೆ ಅದೇ, ಒಡೆದ ಪೈಪಿಗೂ ಅದೇ. ಹಾಗೇ ಗೇರಿಗೂ ಸುತ್ತಿದ್ದಾರೆ. ನಾಲ್ಕು ದಿನ ಸದ್ದು ಅಡಗಿರುತ್ತದೆ; ಆಮೇಲೆ ಎಣ್ಣೆ, ಮಣ್ಣು ಕುಡಿದು ಚಪ್ಪಟೆಯಾಗಿ ಮೊದಲಿಗಿಂತ ಹೆಚ್ಚಾಗುತ್ತದೆ.

ಎಸೆಯಲೆಂದು ಬಿಚ್ಚಿದೆ. ಕಪ್ಪು ಜೀನ್ಸಿನ ಜೇಬು, ಹಸಿರು ದಾರ. ಹೊಲಿಗೆಯ ಕೊನೆಯಲ್ಲಿ ಎಲ್ಲರಿಗಿಂತ ಒಂದು ಸಲ ಹೆಚ್ಚು ಹಿಂದೆ ಹೋಗಿ ಬಂದ ದಾರ. ಆ ಚಟ ನನ್ನದು. ದಾರ ದಂಡ ಮಾಡುತ್ತೀ ಎಂದು ಯೂನಿಟ್ಟಿನ ಟೈಲರ್ ಮಾಸ್ತರಿಂದ ಎಷ್ಟು ಸಲ ಬೈಸಿಕೊಂಡಿದ್ದೇನೋ. ಅದು ಕೆಟ್ಟ ಜೇಬುಗಳನ್ನು ಹಾಕುತ್ತಿದ್ದ ನನ್ನ ಮಿಷನ್ನಿನ ಕೆಳಗಿನ ಚಿಂದಿ ಚೀಲದಿಂದ ಹೋದದ್ದು. ಆ ಚೀಲವನ್ನು ನಾನು ಮಿಷನ್ ಮುಚ್ಚಿದ ದಿನವೇ ಗಾದಿ ಮಾಡುವವನು ಹೊತ್ತುಕೊಂಡು ಹೋಗಿದ್ದ. ಅಂದರೆ ನನ್ನ ಕೈ ಈ ಕೋಲನ್ನು ಮುಟ್ಟುವ ಮೊದಲೇ ಇದು ಗಡಗಡ ಅನ್ನುತ್ತಿತ್ತು, ಭಾವನೇ ಅದರ ಬಾಯಿಗೆ ನನ್ನ ಜೇಬು ತುರುಕಿದ್ದ, ಆಮೇಲೆ ನನ್ನನ್ನೇ ಊರ ಮುಂದೆ ಬೈದ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಅತ್ತೆನೆಂದು ಯಾರೂ ತಿಳಿಯಬೇಡಿ.

ಅಂಗಡಿಯಿಂದ ಹೊಸ ಬುಷ್ ತಂದು, ಗ್ರೀಸ್ ತುಂಬಿ ಕೂರಿಸಿದೆ. ಸಂಜೆ ಗಂಡನಿಗೆ ಫೋನು ಮಾಡಿ, ಇಂಜಿನ್ ಹಚ್ಚಿ, ಫೋನನ್ನು ಕೋಲಿನ ಹತ್ತಿರ ಹಿಡಿದೆ. ಏನೂ ಕೇಳುತ್ತಿಲ್ಲವಲ್ಲ ಎಂದ. ಕೇಳಬಾರದೆಂದೇ ಹಿಡಿದದ್ದು ಎಂದು ಎಲ್ಲ ಹೇಳಿದೆ. ಅಣ್ಣನ ಹತ್ತಿರ ನೀನೇ ಮಾತಾಡು ಎಂದ. ಮಹಾರಾಯ.

ಅಮಾವಾಸ್ಯೆಯ ಬೆಳಿಗ್ಗೆ ವ್ಯಾನು ತೊಳೆದು, ಕುಂಕುಮ ಹಚ್ಚಿ, ಮುಂದಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟೆ. ಹೆಂಗಸರು ಬುತ್ತಿ ಹಿಡಿದು ಆಗಲೇ ಒಳಗೆ ಕೂತಿದ್ದರು. ಭಾವ ಬಿಳಿ ಅಂಗಿ ತೊಟ್ಟು ಬಂದು, ತೆಂಗಿನಕಾಯಿ ಒಡೆದು, ಕೈ ಚಾಚಿದ. ನಾನು ಅವನ ಅಂಗೈ ಮೇಲೆ ಚಾವಿ ಇಡಲಿಲ್ಲ, ಆ ಜೇಬು ಇಟ್ಟೆ.

"ಇದು ನಾ ಹೊಲಿದ ಜೇಬು, ಭಾವ. ಗೇರಿನ ಬುಡದಾಗಿತ್ತು. ನಾ ಗಾಡಿ ಮುಟ್ಟೋಕಿಂತ ಮೊದ್ಲ ಇದನ್ನ ಅಲ್ಲಿ ತುರುಕಿದೋರು ಯಾರ್ರಿ?"

ಭಾವ ಅದನ್ನು ನೋಡಿದ, ನನ್ನನ್ನು ನೋಡಲಿಲ್ಲ. ಹಳೇ ಗಾಡಿ ಅಂದಮೇಲೆ ಸಪ್ಪಳ ಇದ್ದದ್ದೇ, ಈಗ ಹೋಯಿತಲ್ಲ, ಚಾವಿ ತಾ ಎಂದ.

"ಸಪ್ಪಳ ಐತಿ ಅಂತ ಚಾವಿ ಕೇಳಿದ್ರಿ. ಈಗ ಸಪ್ಪಳ ಇಲ್ಲ. ಇನ್ನ ಯಾಕ ಕೇಳ್ತೀರಿ, ಅದನ್ನ ಹೇಳ್ರಿ."

ಅವನು ಜೇಬನ್ನು ಮುದ್ದೆ ಮಾಡಿ ಎಸೆದ. "ಹೆಣ್ಮಗಳು ಗಾಡಿ ಓಡಿಸೋದು ನಮ್ಮ ಮನೆತನಕ್ಕ ಚಂದ ಅಲ್ಲವ್ವ."

ಒಂದು ವ್ಯಾನಿನ ತುಂಬ ಕೂತು ದುಡಿಯಲು ಹೊರಟ ಹೆಣ್ಣುಮಕ್ಕಳ ಎದುರಿಗೆ ಈ ಮಾತು ಆಡಿದ. ಮನೆಯನ್ನೆಲ್ಲ ಒಬ್ಬಳೇ ಸಾಕುತ್ತಿರುವ ಸುಂಕಮ್ಮ ಬಾಗಿಲ ಪಕ್ಕ ಕೂತಿದ್ದಳು. ಅವಳು ಬಾಗಿಲನ್ನು ದಡ್ಡನೆ ಎಳೆದುಕೊಂಡಳು.

"ಹೊತ್ತಾತು ರಾಧಾ. ನೀ ಓಡಿಸಿದ್ರ ಹೋಗ್ತೀವಿ, ಇಲ್ಲಂದ್ರ ಎಲ್ರೂ ಇಲ್ಲೇ ಇಳೀತೀವಿ."

ಭಾವ ಗಾಡಿಗೆ ಅಡ್ಡ ನಿಂತ. ನಾನು ಹತ್ತಿ ಕೂತು ಇಂಜಿನ್ ಹಚ್ಚಿದೆ. ಹಾರ್ನ್ ಹೊಡೆಯಲಿಲ್ಲ, ಅವನ ಮುಖವನ್ನೇ ನೋಡುತ್ತ ಕೂತೆ. ಒಳಗಿನಿಂದ ಯಾರೂ ಇಳಿಯಲಿಲ್ಲ. ಬಹಳ ಹೊತ್ತಿನ ಮೇಲೆ ಅವನು ಪಂಚೆ ಎತ್ತಿ ಕಟ್ಟಿಕೊಂಡು ಪಕ್ಕಕ್ಕೆ ಸರಿದ. ಕ್ಲಚ್ ತುಳಿದು ಫಸ್ಟ್ ಗೇರು ಹಾಕಿದೆ. ಕಟ್ಟೆಯ ಮೇಲಿದ್ದವರಿಗೆ ನಿಂಬೆಹಣ್ಣು ಒಡೆದ ಸಪ್ಪಳವಷ್ಟೇ ಕೇಳಿಸಿತು.