ಗುಡುಗಿನ ಹೊತ್ತಿನ ಮಾತು

ತೀರಿಹೋದ ಗಂಡನ ಅಂಗಿಯ ಕೊರಳ ಗುಂಡಿ ಹಾಕಹೋದರೆ ಅದು ಅವಳ ಕೈಗೇ ಕಿತ್ತು ಬಂತು.

"ಬಿಡಿ ಅತ್ತಿಗೆ," ಎಂದಳು ನಾದಿನಿ. "ಊರಿನವರಿಗೆಲ್ಲ ಹೊಲಿಯೋದರಲ್ಲಿ ಅಣ್ಣನಿಗೆ ತನ್ನದು ನೋಡಿಕೊಳ್ಳೋಕೆ ಪುರುಸೊತ್ತೆಲ್ಲಿತ್ತು?"

"ಊರಿನವರಿಗಷ್ಟೇ ಅಲ್ಲ, ಊರಿನ ನಾಯಿಗಳಿಗೂ," ಎಂದಳು ದರ್ಜಿಯ ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ.

ಹೆಣದ ವ್ಯಾನು ಮೂರು ಗಂಟೆಗೆ ಬರುವುದಿತ್ತು. ಹೊರಗೆ ಕುರ್ಚಿಗಳಲ್ಲಿ ಕೂತವರಿಗೆ ಬೇರೆ ಮಾತೇ ಇರಲಿಲ್ಲ. ಗುಡುಗಿದರೆ ಮಂಚದಡಿ ಸೇರಿಕೊಳ್ಳುತ್ತಿದ್ದ ನಾಯಿಗೆ ದರ್ಜಿ ಮೈಗಂಟುವ ಅಂಗಿ ಹೊಲಿದುಕೊಟ್ಟಿದ್ದು; ಬಟ್ಟೆಯಲ್ಲಿ ಸುತ್ತಿದ ಕೂಸಿನ ಹಾಗೆ ಅದು ಸುಮ್ಮನಾಗಿದ್ದು; ಅದರ ಹೆದರಿಕೆ ಬಿಡಿಸಲೆಂದು ಬಿಸಿಲಿನ ದಿನಗಳಲ್ಲಿ ಫೋನಿನಲ್ಲಿ ಗುಡುಗಿನ ಸದ್ದನ್ನು ಸಣ್ಣಗೆ ಹಾಕಿ, ಮಾಂಸದ ಚೂರು ತಿನ್ನಿಸುತ್ತ, ವಾರವಾರವೂ ಸದ್ದು ಏರಿಸಿದ್ದು.

"ಎಂಥ ಸಮಾಧಾನದ ಮನುಷ್ಯ," ಎಂದ ಬೇಕರಿಯವನು.

ಅವಳು ದಾರವನ್ನು ಹಲ್ಲಿನಿಂದ ಕಡಿದಳು. ಆ ಸಮಾಧಾನವೆಲ್ಲ ಮನೆಗೆ ಬರುವಷ್ಟರಲ್ಲಿ ಖರ್ಚಾಗಿರುತ್ತಿತ್ತು.

ಅಷ್ಟರಲ್ಲಿ ಹಿಂದಿನ ಬೀದಿಯ ಟೀಚರು ತಮ್ಮ ಅದೇ ಕಂದು ನಾಯಿಯೊಂದಿಗೆ ಬಂದರು. ಒಂಟಿ ಹೆಂಗಸು, ಕೆಲಸದಿಂದ ನಿವೃತ್ತರಾಗಿದ್ದವರು. ದರ್ಜಿಯ ಹೆಂಡತಿ ಬನ್ನಿ ಎನ್ನಲಿಲ್ಲ.

*

ಎಂಟು ವರ್ಷ ಅದೇ ಆಯಿತು. ಮೋಡ ಕಟ್ಟಿದರೆ ಸಾಕು, ಅವನು ಹೊಲಿಗೆಯನ್ನು ಅರ್ಧಕ್ಕೆ ಬಿಟ್ಟು ಟೀಚರ ಮನೆಗೆ ಹೊರಡುತ್ತಿದ್ದ. "ನಾಯಿ ಹೆದರುತ್ತೆ ಕಣೇ" ಎನ್ನುತ್ತಿದ್ದ, ಅಷ್ಟೇ.

ಒಂದು ಸಂಜೆ ಅವಳೂ ಹಿಂದೆಯೇ ಹೋಗಿ ಕಿಟಕಿಯಲ್ಲಿ ಇಣುಕಿದಳು. ಟೀಚರು ಕಾಣಲಿಲ್ಲ. ಗಂಡ ನೆಲದ ಮೇಲೆ ಕೂತಿದ್ದ, ತೊಡೆಯ ಮೇಲೆ ನಾಯಿಯ ತಲೆ. ಮಾತಾಡುತ್ತಿದ್ದ. ಮನೆಯಲ್ಲಿ 'ಹೂಂ', 'ಉಪ್ಪು', 'ಬರ್ತೀನಿ' ಎನ್ನುವುದರಲ್ಲೇ ದಿನ ಕಳೆಯುತ್ತಿದ್ದವನು ಅಲ್ಲಿ ಕೈಯಾಡಿಸುತ್ತ, ನಗುನಗುತ್ತ ಮಾತಾಡುತ್ತಿದ್ದ. ಮುಚ್ಚಿದ ಗಾಜು ಏನನ್ನೂ ಕೇಳಗೊಡಲಿಲ್ಲ. ಇನ್ನೊಬ್ಬಳ ಜೊತೆ ಸಿಕ್ಕಿಬಿದ್ದಿದ್ದರೆ ಜುಟ್ಟು ಹಿಡಿದು ಜಗಳವಾದರೂ ಆಡಬಹುದಿತ್ತು. ನಾಯಿಯ ಮೇಲೆ ಏನೆಂದು ದೂರುವುದು?

ತೊಯ್ದು ತೊಪ್ಪೆಯಾಗಿ ಮನೆಗೆ ಬಂದಳು. ಆಮೇಲೆ ಬಂದ ಅವನು, "ಎಲ್ಲಿ ನೆಂದೆ?" ಎಂದ.

"ಒಣಹಾಕಿದ ಬಟ್ಟೆ ತೆಗೆಯೋಕೆ ಹೋಗಿದ್ದೆ."

"ಹೂಂ."

*

ಎರಡೂವರೆಗೆ, ವ್ಯಾನು ಬರುವ ಮೊದಲೇ, ಗುಡುಗಿತು. ಟೀಚರ ನಾಯಿ ಹಗ್ಗ ಕಿತ್ತುಕೊಂಡು ಓಡಿ, ಹೊಲಿಗೆ ಕೋಣೆಯ ಕತ್ತರಿಸುವ ಮೇಜಿನಡಿ ತೂರಿತು.

"ಹೋಗಿ ಸಮಾಧಾನ ಮಾಡಿ," ಎಂದಳು ಅವಳು ಟೀಚರಿಗೆ. "ಅವರೇನು ಹೇಳ್ತಿದ್ರು ಅಂತ ನಿಮಗೆ ಗೊತ್ತಿರುತ್ತಲ್ಲ."

ಟೀಚರು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು. "ನನಗೂ ಗುಡುಗು ಅಂದ್ರೆ ಜೀವ ಹೋಗುತ್ತೆ. ನೀವು ನಡುಗಿದ್ರೆ ಅದೂ ನಡುಗುತ್ತೆ ಅಂತ ನನ್ನನ್ನ ಅಡುಗೆಮನೆಗೆ ಕಳಿಸ್ತಿದ್ರು. ಬಾಗಿಲ ಹಿಂದಿನಿಂದ ಕೇಳಿಸ್ತಿತ್ತು, ಅಷ್ಟೇ."

"ಏನು ಕೇಳಿಸ್ತಿತ್ತು?"

"ನಿಮ್ಮ ಸುದ್ದಿ. ಮದುವೆಯಾದ ಹೊಸದರಲ್ಲಿ, ಅಂಗಡಿಗೆ ಹೋಗದೆ ಇರಲಿ ಅಂತ ನೀವು ಅವರ ಕತ್ತರಿ ಬಚ್ಚಿಟ್ಟಿದ್ದು. ನಿದ್ದೇಲಿ ಅವರ ತೋಳು ಹಿಡ್ಕೊಳ್ಳೋದು. ಪ್ರತಿ ಸಲವೂ ನಿಮ್ಮದೇ." ಟೀಚರು ತಲೆ ತಗ್ಗಿಸಿದರು. "ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆ ಉರೀತಿತ್ತು. ನನ್ನ ಬಗ್ಗೆ ಹಾಗೆ ಮಾತಾಡಿದವರು ಯಾರೂ ಇಲ್ಲ."

"ನನಗೆ ಒಂದು ದಿನವೂ ಹೇಳಲಿಲ್ಲ," ಎಂದಳು ಅವಳು.

ಹೊಲಿಗೆ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ನೆಲದ ಮೇಲೆ ಕೂತಳು. ಇನ್ನೊಂದು ಗುಡುಗಿಗೆ ನಾಯಿ ತೆವಳಿಕೊಂಡು ಬಂದು ಅವಳ ತೊಡೆಗೆ ಮೂತಿ ಒತ್ತಿತು. ಅದನ್ನು ತಳ್ಳಬೇಕೆನ್ನಿಸಿತು, ತಳ್ಳಲಿಲ್ಲ.

"ಇನ್ನೂ ಏನೇನು ಹೇಳಿದ್ರು ನಿನಗೆ?" ಎಂದು ಕೇಳಿದಳು.

ಹೊರಗೆ ವ್ಯಾನು ಬಂದು ನಿಂತ ಸದ್ದಾಯಿತು, ಯಾರೋ ಅವಳನ್ನು ಕರೆದರು. ಅವಳು ನಾಯಿಯ ಜೋತುಬಿದ್ದ ಕಿವಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಬೆಳಕಿಗೆ ತಿರುಗಿಸಿ, ಒಳಗೆ ನೋಡುತ್ತ ಕೂತಿದ್ದಳು.